ಅರ್ಧಕ್ಕೆ ನಿಂತ ಓದನ್ನು ಮುಗಿಸುವುದು ಹೇಗೆ?

ಯಾವುದೋ ಅರ್ಜಿ ತುಂಬುತ್ತಿರುತ್ತೀರಿ. ಹೆಸರು, ವಿಳಾಸ, ವಯಸ್ಸು ಎಲ್ಲವನ್ನೂ ಬರೆದದ್ದಾಯಿತು. ‘ವಿದ್ಯಾರ್ಹತೆ’ ಎಂಬ ಕಾಲಂ ಬಂದೊಡನೆ ಪೆನ್ನು ನಿಲ್ಲುತ್ತದೆ. ಪ್ರೌಢಶಾಲೆ ದೂರವೆಂದು ಎಂಟನೇ ತರಗತಿಗೇ ಮನೆಯಲ್ಲುಳಿದ ಸಹೋದರಿ ಅಲ್ಲಿ ಏನು ಬರೆಯಬೇಕು? ಗಣಿತವೊಂದರಲ್ಲಿ ಫೇಲಾಗಿ, ಮತ್ತೊಮ್ಮೆ ಕಟ್ಟುವ ಧೈರ್ಯ ಸಾಲದೆ ಅಂಗಡಿಗೆ ಸೇರಿಕೊಂಡ ಸಹೋದರ ಏನು ಬರೆಯಬೇಕು? ಹಿಫ್ಝ್ ಮಾಡಲೆಂದು ಐದನೇ ತರಗತಿಯ ಬಳಿಕ ಮದ್ರಸಕ್ಕೆ ಸೇರಿದ ಯುವಕನ ಎದೆಯಲ್ಲಿ ಮೂವತ್ತು ಜುಝ್‌ಗಳಿವೆ. ಆದರೆ ಆ ಕಾಲಂನಲ್ಲಿ ಬರೆಯಲು ಅವನ ಬಳಿ ಇರುವುದು ‘5ನೇ ತರಗತಿ’ ಎಂಬುದಷ್ಟೇ.

ಇವರು ಒಬ್ಬಿಬ್ಬರಲ್ಲ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು 2006ರಲ್ಲಿ ನೀಡಿದ ವರದಿಯ ಪ್ರಕಾರ, ದೇಶದಲ್ಲಿ 17 ವರ್ಷಕ್ಕೆ ಮೇಲ್ಪಟ್ಟವರಲ್ಲಿ ಮೆಟ್ರಿಕ್ ಮುಗಿಸಿದವರು ಶೇಕಡಾ 26ರಷ್ಟಿದ್ದರೆ ಮುಸ್ಲಿಮರಲ್ಲಿ ಅದು ಶೇಕಡಾ 17 ಮಾತ್ರ ಇತ್ತು. ಆ ವರದಿಯ ಬಳಿಕ ನಮ್ಮ ಮಕ್ಕಳ ಓದು ಸಾಕಷ್ಟು ಮುಂದೆ ಬಂದಿದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಅಂದು ಶಾಲೆ ಬಿಟ್ಟವರು ಇಂದು ತಾಯಂದಿರಾಗಿದ್ದಾರೆ, ದುಡಿಯುವ ಗಂಡಸರಾಗಿದ್ದಾರೆ. ಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಎಷ್ಟೋ ಸಭೆಗಳು ನಡೆಯುತ್ತವೆ, ಬಹುಮಾನ ಹಂಚಲಾಗುತ್ತದೆ. ಇವರ ಬಗ್ಗೆ ಮಾತನಾಡುವವರು ಕಡಿಮೆ. ‘ಅವರ ಕಾಲ ಮುಗಿಯಿತು’ ಎಂದು ನಾವೇ ತೀರ್ಮಾನಿಸಿಬಿಟ್ಟಂತಿದೆ. ಆದರೆ ಶಾಲೆಯ ಬಾಗಿಲು ಮುಚ್ಚಿದ್ದರೂ ಪರೀಕ್ಷೆಯ ಬಾಗಿಲು ಅವರಿಗೆ ತೆರೆದೇ ಇದೆ. ಅದನ್ನು ದಾಟುವುದಕ್ಕೆ ಬುದ್ಧಿಗಿಂತಲೂ ಹೆಚ್ಚಾಗಿ ಬೇಕಾಗಿರುವುದು ಮನೆಯವರು ಬಿಟ್ಟುಕೊಡುವ ಒಂದಿಷ್ಟು ಸಮಯ.

‘ಈ ವಯಸ್ಸಿನಲ್ಲಿ ಓದೇ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಪ್ರವಾದಿವರ್ಯರ(ಸ) ಮನೆಯೊಳಗಿನ ಒಂದು ಘಟನೆಯನ್ನು ನೆನಪಿಸಬೇಕು. ಹ. ಶಿಫಾ ಬಿಂತ್ ಅಬ್ದುಲ್ಲಾ(ರ) ಓದು ಬರಹ ಬಲ್ಲ ಮಹಿಳೆ. ಆ ಕಾಲದ ಮಕ್ಕಾದಲ್ಲಿ ಅಕ್ಷರ ಬಲ್ಲ ಗಂಡಸರೇ ವಿರಳವಾಗಿದ್ದರು. ಹ. ಹಫ್ಸಾ(ರ)ರಿಗೆ ಬರಹ ಕಲಿಸಿದವರು ಇವರೇ. ಒಮ್ಮೆ ಇವರು ಹಫ್ಸಾರ(ರ) ಬಳಿ ಇದ್ದಾಗ ಪ್ರವಾದಿ(ಸ) ಅಲ್ಲಿಗೆ ಬಂದರು. ಬರಹ ಕಲಿಸಿದಂತೆಯೇ ತಮಗೆ ತಿಳಿದಿರುವ ಒಂದು ಚಿಕಿತ್ಸಾ ವಿಧಾನವನ್ನೂ ಆಕೆಗೆ ಕಲಿಸಬಾರದೇ ಎಂದು ಕೇಳಿದರು. ಅಬೂದಾವೂದ್‌ನಲ್ಲಿ ಈ ವರದಿ ಇದೆ. ಹಫ್ಸಾ(ರ) ಆಗ ಗೃಹಿಣಿ. ಆಕೆಗೆ ಕಲಿಸುವವರನ್ನು ಪತಿಯೇ ಪ್ರೋತ್ಸಾಹಿಸಿದರು. ಮದುವೆಯಾದೊಡನೆ ಹೆಣ್ಣಿನ ಪುಸ್ತಕ ಅಟ್ಟ ಸೇರಬೇಕೆಂಬ ನಿಯಮವನ್ನು ನಾವು ಎಲ್ಲಿಂದ ತಂದೆವು?

ಇನ್ನು ಕೆಲವರಿಗೆ ಇದು ‘ದುನಿಯಾದ ಓದು’ ಎಂಬ ತಾತ್ಸಾರ. ಬದ್ರ್ ಯುದ್ಧದ ಕೈದಿಗಳ ಪೈಕಿ ಪರಿಹಾರ ಧನ ತೆರಲು ಗತಿಯಿಲ್ಲದೆ, ಆದರೆ ಬರಹ ಬಲ್ಲವರಾಗಿದ್ದವರಿಗೆ ವಿಧಿಸಲಾದ ಷರತ್ತೇನು? ಮದೀನಾದ ಹತ್ತು ಮಕ್ಕಳಿಗೆ ಅಕ್ಷರ ಕಲಿಸಿ ಬಿಡುಗಡೆ ಹೊಂದಬಹುದು ಎಂಬುದು. ಕಲಿಸಿದವರು ಇಸ್ಲಾಮಿನ ಶತ್ರುಗಳಾಗಿ ಯುದ್ಧಕ್ಕೆ ಬಂದವರು. ಅವರು ಕಲಿಸಿದ್ದು ಫಿಕ್ಹ್ ಅಲ್ಲ, ತಫ್ಸೀರ್ ಅಲ್ಲ, ಬರಿಯ ಅಕ್ಷರ. ಬಡತನದಿಂದ ನರಳುತ್ತಿದ್ದ ಆ ಪುಟ್ಟ ಸಮಾಜಕ್ಕೆ ಹಣದ ಅಗತ್ಯ ಎಷ್ಟಿತ್ತೆಂಬುದನ್ನು ಯೋಚಿಸಿದರೆ ಈ ನಿರ್ಧಾರದ ತೂಕ ಅರ್ಥವಾಗುತ್ತದೆ.

ಎರಡು ದಾರಿಗಳು

ನಮ್ಮ ರಾಜ್ಯದವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು, ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ಇದಕ್ಕೆ ನಿಗದಿತ ಪ್ರೌಢಶಾಲೆಯ ಮೂಲಕ ಹೆಸರು ನೋಂದಾಯಿಸಬೇಕು. ಶಾಲೆಯ ಮಕ್ಕಳು ಓದುವ ಅದೇ ಪುಸ್ತಕ, ಅದೇ ಪ್ರಶ್ನೆಪತ್ರಿಕೆಯ ಮಟ್ಟ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಹೀಗೆ ಆರು ವಿಷಯಗಳು. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಎಂಟು, ಒಂಬತ್ತರವರೆಗೆ ಓದಿ ನಿಲ್ಲಿಸಿದವರಿಗೆ, ಓದು ಬಿಟ್ಟು ಬಹಳ ವರ್ಷ ಆಗದವರಿಗೆ ಇದು ಸೂಕ್ತ. ಪರೀಕ್ಷೆ ಬರೆದು ಒಂದೆರಡು ವಿಷಯಗಳಲ್ಲಿ ಫೇಲಾದವರಂತೂ ಉಳಿದ ವಿಷಯಗಳನ್ನು ಮಾತ್ರ ಪುನಃ ಬರೆದರೆ ಸಾಕು. ಅದೊಂದು ಗಣಿತಕ್ಕಾಗಿ ಹತ್ತು ವರ್ಷ ‘ಫೇಲ್’ ಎಂಬ ಹಣೆಪಟ್ಟಿ ಹೊತ್ತು ತಿರುಗುವುದು ನಿಜಕ್ಕೂ ಅನ್ಯಾಯ.

ಎರಡನೆಯದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್. ಇದು ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದಲ್ಲಿರುವ ಸ್ವಾಯತ್ತ ಸಂಸ್ಥೆ. 1979ರಲ್ಲಿ ಸಿಬಿಎಸ್‌ಇ ಮಂಡಳಿಯ ಒಂದು ಯೋಜನೆಯಾಗಿ ಆರಂಭವಾಗಿ, 1989ರಲ್ಲಿ ನ್ಯಾಷನಲ್ ಓಪನ್ ಸ್ಕೂಲ್ ಎಂಬ ಪ್ರತ್ಯೇಕ ಸಂಸ್ಥೆಯಾಗಿ, 2002ರಲ್ಲಿ ಈಗಿನ ಹೆಸರು ಪಡೆಯಿತು. ಬೆಂಗಳೂರಿನಲ್ಲಿ ಇದರ ಪ್ರಾದೇಶಿಕ ಕೇಂದ್ರವಿದೆ. ಇದರ ಹತ್ತನೇ ತರಗತಿಯ ಪ್ರಮಾಣಪತ್ರಕ್ಕೆ ಇತರ ಮಂಡಳಿಗಳ ಪ್ರಮಾಣಪತ್ರದಷ್ಟೇ ಬೆಲೆ ಇದೆ.

ವರ್ಷಾನುಗಟ್ಟಲೆ ಹಿಂದೆ ಶಾಲೆ ಬಿಟ್ಟವರಿಗೆ ಈ ಎರಡನೆಯ ದಾರಿಯೇ ಹಗುರವೆಂದು ನನ್ನ ಅಭಿಪ್ರಾಯ. ಕಾರಣ ಅದರ ನಿಯಮಗಳಲ್ಲೇ ಇದೆ. ಹದಿನಾಲ್ಕು ವರ್ಷ ತುಂಬಿದ್ದರೆ ಸಾಕು, ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಎಂಟನೇ ತರಗತಿಯ ಪ್ರಮಾಣಪತ್ರ ಇಲ್ಲದವರು, ಈ ಓದಿಗೆ ಬೇಕಾದಷ್ಟು ಕಲಿತಿದ್ದೇನೆ ಎಂದು ತಾವೇ ಘೋಷಣೆ ಬರೆದುಕೊಡಬಹುದು. ಕಳೆದುಹೋದ ಟಿ.ಸಿ.ಗಾಗಿ ಹಳೆಯ ಶಾಲೆಗೆ ಅಲೆಯಬೇಕಾಗಿಲ್ಲ. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷಗಳ ಕಾಲಾವಕಾಶ, ಅಷ್ಟರೊಳಗೆ ಒಂಬತ್ತು ಬಾರಿ ಪರೀಕ್ಷೆ ಬರೆಯುವ ಅವಕಾಶ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್, ಹೀಗೆ ವರ್ಷಕ್ಕೆ ಎರಡು ಸಲ ಸಾರ್ವಜನಿಕ ಪರೀಕ್ಷೆ ನಡೆಯುತ್ತದೆ. ಎಲ್ಲವನ್ನೂ ಒಮ್ಮೆಲೇ ಬರೆಯಬೇಕೆಂದಿಲ್ಲ. ಈ ಸಲ ಎರಡು ವಿಷಯ, ಮುಂದಿನ ಸಲ ಎರಡು, ಆಮೇಲೆ ಇನ್ನೊಂದು. ಪಾಸಾದ ವಿಷಯದ ಅಂಕ ಜಮೆಯಾಗಿಯೇ ಇರುತ್ತದೆ. ನಡುವೆ ಬಾಣಂತನ ಬಂದರೂ, ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೂ ಹಿಂದೆ ಬರೆದದ್ದು ವ್ಯರ್ಥವಾಗುವುದಿಲ್ಲ. ಹೆಣ್ಣಿನ ಬದುಕನ್ನು ಬಲ್ಲವರೇ ಈ ನಿಯಮ ಮಾಡಿರಬೇಕೆಂದು ಎಷ್ಟೋ ಸಲ ಅನಿಸಿದೆ. ಶುಲ್ಕವೂ ಮಹಿಳೆಯರಿಗೆ ಗಂಡಸರಿಗಿಂತ ಕಡಿಮೆ.

ಕನಿಷ್ಠ ಐದು ವಿಷಯಗಳಲ್ಲಿ ಉತ್ತೀರ್ಣರಾಗಬೇಕು. ಅದರಲ್ಲಿ ಒಂದಾದರೂ ಭಾಷೆ ಇರಬೇಕು, ಎರಡು ಭಾಷೆ ತೆಗೆದುಕೊಳ್ಳಬಹುದು. ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ, ಉರ್ದು ಇದೆ, ಅರಬಿ ಭಾಷೆಯೂ ಇದೆ. ಮದ್ರಸದಲ್ಲಿ ಓದಿದ ಯುವಕರು ಇದನ್ನು ಗಮನಿಸಲಿ. ನಹ್ವ್, ಸರ್ಫ್ ಎಂದು ನೀವು ಸವೆಸಿದ ವರ್ಷಗಳು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಇತರ ವಿಷಯಗಳನ್ನು ಉರ್ದು ಮಾಧ್ಯಮದಲ್ಲಿ ಬರೆಯಲೂ ಅವಕಾಶವಿದೆ. ಐದನೇ ತರಗತಿಯನ್ನೂ ಮುಗಿಸದವರಿಗಾಗಿ ಇದೇ ಸಂಸ್ಥೆಯಲ್ಲಿ ಮೂರು, ಐದು ಹಾಗೂ ಎಂಟನೇ ತರಗತಿಗೆ ಸಮಾನವಾದ ಮೂರು ಹಂತಗಳ ಬುನಾದಿ ಶಿಕ್ಷಣವೂ ಇದೆ. ಅಂಥವರು ಅಲ್ಲಿಂದ ಆರಂಭಿಸುವುದು ಒಳ್ಳೆಯದು. ಮೆಟ್ಟಿಲು ಹತ್ತದೆ ಮಾಳಿಗೆಗೆ ಹಾರಲು ಹೋದರೆ ಕಾಲು ಮುರಿಯುತ್ತದೆ.

ಗಣಿತದ ಹೆಸರು ಕೇಳಿದರೆ ಬೆವರುವವರಿಗೆ ಒಂದು ಸಮಾಧಾನದ ಸಂಗತಿ ಇದೆ. ಮುಕ್ತ ಶಾಲೆಯಲ್ಲಿ ಗಣಿತ ಕಡ್ಡಾಯವಲ್ಲ. ಗೃಹ ವಿಜ್ಞಾನ, ಸಮಾಜ ವಿಜ್ಞಾನ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರ, ಚಿತ್ರಕಲೆ, ಡೇಟಾ ಎಂಟ್ರಿ ಮುಂತಾದವುಗಳಿಂದ ಆರಿಸಿಕೊಳ್ಳಬಹುದು. ಆದರೆ ಆರಿಸುವ ಮುನ್ನ ಮುಂದೇನು ಮಾಡುವಿರೆಂದು ಯೋಚಿಸಿ. ಐಟಿಐಯ ಹಲವು ವೃತ್ತಿ ತರಬೇತಿಗಳಿಗೆ ಹತ್ತರಲ್ಲಿ ಗಣಿತ, ವಿಜ್ಞಾನ ಓದಿರಬೇಕು. ಪಿಯುಸಿಯಲ್ಲಿ ವಿಜ್ಞಾನ ಓದುವ ಆಸೆಯಿದ್ದರೂ ಅಷ್ಟೇ. ಹದಿನಾರರ ಹುಡುಗ ಸುಲಭವೆಂದು ಗಣಿತ ಬಿಟ್ಟರೆ ತನ್ನ ಮುಂದಿನ ದಾರಿಯನ್ನು ತಾನೇ ಕಿರಿದು ಮಾಡಿಕೊಂಡಂತೆ. ಮೂವತ್ತೈದರ ತಾಯಿ ಬಿಟ್ಟರೆ ನಷ್ಟವೇನೂ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಇಲ್ಲಿಗೆ ಬರುವವರು, ಅಲ್ಲಿ ಪಾಸಾದ ಎರಡು ವಿಷಯಗಳವರೆಗಿನ ಅಂಕವನ್ನು ಕೆಲವು ಷರತ್ತುಗಳಿಗೆ ಒಳಪಟ್ಟು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು.

ಪಾಸಾಗಲು ಶೇಕಡಾ 33 ಅಂಕ ಬೇಕು. ಗೃಹ ವಿಜ್ಞಾನದಂತಹ ಪ್ರಾಯೋಗಿಕ ಪರೀಕ್ಷೆ ಇರುವ ವಿಷಯಗಳಲ್ಲಿ ಅದರಲ್ಲೂ ಬೇರೆಯಾಗಿ ಪಾಸಾಗಬೇಕು. ಮನೆಯಲ್ಲಿ ಬರೆದು ಒಪ್ಪಿಸುವ ಅಸೈನ್‌ಮೆಂಟ್‌ಗೆ ಶೇಕಡಾ 20ರ ತೂಕ ಇದೆ. ಅದನ್ನು ಉದಾಸೀನ ಮಾಡಬೇಡಿ. ಹಾಗೆಯೇ, ಅಧ್ಯಯನ ಕೇಂದ್ರದಲ್ಲಿ ನಡೆಯುವ ಸಂಪರ್ಕ ತರಗತಿಗಳಿಗೆ ಸಾಧ್ಯವಾದಷ್ಟು ಹೋಗಿ. ವರ್ಷಗಳ ಬಳಿಕ ಬೆಂಚಿನ ಮೇಲೆ ಕುಳಿತಾಗ ಆಗುವ ಸಂಕೋಚ ಎರಡನೇ ವಾರಕ್ಕೆ ಇರುವುದಿಲ್ಲ.

ಹೆಸರಿನ ವಿಷಯ

ಇನ್ನು ಹೇಳುವ ವಿಷಯ ಚಿಕ್ಕದೆಂದು ತೋರಬಹುದು. ಆದರೆ ನಮ್ಮ ಸಮುದಾಯದವರು ಹೆಚ್ಚು ಪೇಚಾಡುವುದು ಇಲ್ಲಿಯೇ. ರೇಷನ್ ಕಾರ್ಡಿನಲ್ಲಿ ‘ಫಾತಿಮಾಬಿ’, ಆಧಾರ್‌ನಲ್ಲಿ ‘ಫಾತಿಮಾ ಬೇಗಂ’, ಹಳೆಯ ಶಾಲೆಯ ದಾಖಲೆಯಲ್ಲಿ ‘ಫಾತಿಮತ್ ಝೊಹರಾ’. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು, ಮತ್ತೊಂದರಲ್ಲಿ ಮನೆತನದ ಇನಿಶಿಯಲ್. ಗಂಡಸರಲ್ಲಿ ‘ಮುಹಮ್ಮದ್’ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆದಿರುತ್ತಾರೆ, ಒಂದು ಕಡೆ ಎರಡಕ್ಷರಕ್ಕೆ ಮೊಟಕು ಮಾಡಿರುತ್ತಾರೆ. ಹುಟ್ಟಿದ ದಿನಾಂಕದ ಕಥೆಯೂ ಹೀಗೆಯೇ. ಶಾಲೆಗೆ ಸೇರಿಸುವಾಗ ಅಜ್ಜ ಬಾಯಿಗೆ ಬಂದ ದಿನಾಂಕ ಹೇಳಿರುತ್ತಾರೆ. ಜೂನ್ 1ರಂದು ಹುಟ್ಟಿದವರು ಪ್ರತಿ ಊರಲ್ಲೂ ಅದೆಷ್ಟು ಮಂದಿ!

ಹತ್ತನೇ ತರಗತಿಯ ಪ್ರಮಾಣಪತ್ರದಲ್ಲಿ ಅಚ್ಚಾಗುವ ಹೆಸರು ಮತ್ತು ಜನ್ಮ ದಿನಾಂಕವನ್ನು ಮುಂದೆ ಎಷ್ಟೋ ಕಡೆ ಪುರಾವೆಯಾಗಿ ಕೇಳುತ್ತಾರೆ. ಅಚ್ಚಾದ ಮೇಲೆ ತಿದ್ದಿಸುವುದು ಸುಲಭದ ಮಾತಲ್ಲ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಕಾಗದಗಳನ್ನೆಲ್ಲ ಹೊರತೆಗೆದು ಒಂದು ಸಂಜೆ ಕುಳಿತು ಹೋಲಿಸಿ ನೋಡಿ. ಯಾವ ಕಾಗುಣಿತ ಸರಿಯೆಂದು ತೀರ್ಮಾನಿಸಿ, ಉಳಿದವುಗಳನ್ನು ಅದಕ್ಕೆ ತಕ್ಕಂತೆ ತಿದ್ದಿಸಿಕೊಂಡು ಆಮೇಲೆ ಅರ್ಜಿ ಹಾಕಿ. ಸೈಬರ್ ಅಂಗಡಿಯ ಹುಡುಗ ಟೈಪು ಮಾಡುವಾಗ ಪಕ್ಕದಲ್ಲೇ ಕುಳಿತು ಒಂದೊಂದು ಅಕ್ಷರವನ್ನೂ ಓದಿಸಿ. ನಾಚಿಕೆ ಪಡಬೇಡಿ. ನಿಮ್ಮ ಸ್ವಂತ ಮೊಬೈಲ್ ಸಂಖ್ಯೆಯನ್ನೇ ಕೊಡಿ, ಅವನದನ್ನಲ್ಲ. ಪ್ರವೇಶಪತ್ರದ ಸುದ್ದಿ, ಫಲಿತಾಂಶದ ಸುದ್ದಿ ಬರುವುದು ಆ ಸಂಖ್ಯೆಗೇ.

ಸಮಯ ಎಲ್ಲಿಂದ ಬರಬೇಕು?

ಪುಸ್ತಕ ತರಿಸಬಹುದು, ಶುಲ್ಕ ಕಟ್ಟಬಹುದು. ಓದುವ ಹೊತ್ತನ್ನು ಎಲ್ಲಿಂದ ತರುವುದು? ಎಲ್ಲರೂ ಉಂಡು, ಪಾತ್ರೆ ತೊಳೆದು, ನಾಳೆಯ ಇಡ್ಲಿಗೆ ರುಬ್ಬಿಟ್ಟು, ಮಗುವನ್ನು ಮಲಗಿಸಿದ ಮೇಲೆ ಉಳಿಯುವ ರಾತ್ರಿಯ ಹನ್ನೊಂದು ಗಂಟೆಯನ್ನು ಓದಿನ ಹೊತ್ತೆಂದು ಕೊಡುವುದು ಔದಾರ್ಯವಲ್ಲ. ಆ ಹೊತ್ತಿನಲ್ಲಿ ಪುಸ್ತಕ ಹಿಡಿದ ಯಾವ ತಾಯಿಗೂ ಎರಡನೇ ಪುಟ ದಾಟಲು ಆಗದು. ಫೇಲಾದರೆ ಬುದ್ಧಿಯಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಅವಳಿಗೆ ನಿದ್ದೆ ಇರಲಿಲ್ಲವೆಂದು ಯಾರೂ ಹೇಳುವುದಿಲ್ಲ.

ಫಜ್ರ್ ನಮಾಝಿನ ಬಳಿಕದ ಒಂದು ಗಂಟೆ ಚಿನ್ನದಂಥ ಹೊತ್ತು. ಮನೆ ಮೌನವಾಗಿರುತ್ತದೆ, ಮನಸ್ಸು ತಿಳಿಯಾಗಿರುತ್ತದೆ. ಆ ಒಂದು ಗಂಟೆ ಆಕೆ ಅಡುಗೆಮನೆಗೆ ಕಾಲಿಡದಂತೆ ಮಾಡುವುದು ಪತಿಯಾದವರ ಹೊಣೆ. ಚಹಾ ಕಾಯಿಸುವುದು, ಮಕ್ಕಳನ್ನು ಎಬ್ಬಿಸುವುದು ಗಂಡಸಿಗೆ ಕಡಿಮೆಯ ಕೆಲಸವೇ? ಪ್ರವಾದಿ(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ ಹ. ಆಯಿಶಾ(ರ) ಕೊಟ್ಟ ಉತ್ತರ ನಮಗೆಲ್ಲ ಗೊತ್ತು. ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು. ಈ ಹದೀಸನ್ನು ಪ್ರವಚನದಲ್ಲಿ ಕೇಳಿ ತಲೆದೂಗುವುದು ಸುಲಭ. ನಸುಕಿನ ಆರು ಗಂಟೆಗೆ ಒಲೆ ಹಚ್ಚುವಾಗ ಅದರ ಅರ್ಥ ತಿಳಿಯುತ್ತದೆ.

ಅಸರ್ ಮತ್ತು ಮಗ್ರಿಬ್ ನಡುವೆ ಇನ್ನೊಂದು ಅರ್ಧ ಗಂಟೆ ಸಿಗಬಹುದು. ಮಕ್ಕಳು ಹೋಂವರ್ಕ್‌ಗೆ ಕೂರುವಾಗ ಅವರ ಜೊತೆಗೇ ಪುಸ್ತಕ ತೆರೆಯಿರಿ. ಉಮ್ಮ ಓದುತ್ತಿದ್ದಾರೆಂದರೆ ಮಕ್ಕಳೂ ಟಿವಿ, ಮೊಬೈಲು ಬಿಟ್ಟು ಕೂರುತ್ತಾರೆ. ಎಂಟನೇ ತರಗತಿಯ ಮಗಳು ತಾಯಿಗೆ ಬೀಜಗಣಿತ ಹೇಳಿಕೊಡಬಲ್ಲಳು. ತಾಯಿ ಅವಳಿಗೆ ಕನ್ನಡ ಗಾದೆಯ ಅರ್ಥ ಬಿಡಿಸಬಲ್ಲಳು. ಅತ್ತೆಯವರಿಗೂ ಒಂದು ಮಾತು. ಸೊಸೆ ಪುಸ್ತಕ ಹಿಡಿದಾಗ ‘ಇವಳು ಇನ್ನು ಕಲೆಕ್ಟರ್ ಆಗುತ್ತಾಳೆ’ ಎಂದು ನೆರೆಯವರ ಮುಂದೆ ನಗಬೇಡಿ. ಆ ಒಂದು ಮಾತು ಎಷ್ಟು ಪುಸ್ತಕಗಳನ್ನು ಮುಚ್ಚಿಸಿದೆಯೋ ಅಲ್ಲಾಹನೇ ಬಲ್ಲ.

ಓದುವವರಿಗೆ ಹೇಳುವುದಿಷ್ಟೇ: ಒಂದೇ ಸಲ ಐದೂ ವಿಷಯ ಕಟ್ಟುವ ಹಟ ಬೇಡ. ಮೊದಲ ಸಲ ಕನ್ನಡ ಅಥವಾ ಉರ್ದು, ಜೊತೆಗೆ ಗೃಹ ವಿಜ್ಞಾನದಂಥ ಪರಿಚಿತ ವಿಷಯ ಬರೆಯಿರಿ. ಎರಡರಲ್ಲಿ ಪಾಸಾದ ಫಲಿತಾಂಶ ಕೈಗೆ ಬಂದಾಗ ಉಳಿದ ಮೂರರ ಭಯ ಅರ್ಧದಷ್ಟು ಇಳಿದಿರುತ್ತದೆ. ಹಿಂದಿನ ಪ್ರಶ್ನೆಪತ್ರಿಕೆಗಳನ್ನು ತಂದು ಗಡಿಯಾರ ಎದುರಿಗಿಟ್ಟುಕೊಂಡು ಬರೆದು ನೋಡಿ. ವರ್ಷಗಳಿಂದ ಪೆನ್ನು ಹಿಡಿಯದ ಕೈಗೆ ಸತತವಾಗಿ ಬರೆಯುವುದೇ ಒಂದು ವ್ಯಾಯಾಮ. ಉತ್ತರ ಗೊತ್ತಿದ್ದೂ ಬರೆದು ಮುಗಿಸಲಾಗದೆ ಅಂಕ ಕಳೆದುಕೊಳ್ಳುವವರು ಅನೇಕರು.

ಕೊಲ್ಲಿಗೆ ಹೊರಟವರಿಗೆ

ಕರಾವಳಿಯ ನಮ್ಮ ಯುವಕರು ಹದಿನೆಂಟು ತುಂಬಿದೊಡನೆ ಪಾಸ್‌ಪೋರ್ಟಿನ ಮಾತೆತ್ತುತ್ತಾರೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು. 1983ರ ವಲಸೆ ಕಾಯಿದೆಯಡಿ ಬಂದ ಈ ವ್ಯವಸ್ಥೆಯಲ್ಲಿ ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಒಮಾನ್, ಬಹರೈನ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಅಂಥವರು ಸರಕಾರದಿಂದ ಪ್ರತ್ಯೇಕ ಅನುಮತಿ ಪಡೆಯಬೇಕಾಗುತ್ತದೆ. ಓದು ಕಡಿಮೆಯಾದವರು ಮೋಸ ಹೋಗಬಾರದೆಂಬುದು ಅದರ ಉದ್ದೇಶ. ಆದರೆ ಅದನ್ನು ತಪ್ಪಿಸಲು ಸಂದರ್ಶಕ ವೀಸಾದಲ್ಲಿ ಕಳಿಸಿಕೊಡುವುದಾಗಿ ಹೇಳುವ ಏಜೆಂಟರ ಬಲೆಗೆ ಬೀಳುವವರೂ ಇದೇ ಯುವಕರು. ಹತ್ತನೇ ತರಗತಿ ಪಾಸಾದವರಿಗೆ ಈ ಅನುಮತಿ ಬೇಕಾಗಿಲ್ಲ. ಏಜೆಂಟನಿಗೆ ತೆರುವ ಮೊತ್ತದ ಒಂದು ಸಣ್ಣ ಪಾಲಿನಲ್ಲಿ ಮುಕ್ತ ಶಾಲೆಯ ಶುಲ್ಕ ಕಟ್ಟಬಹುದು. ವರ್ಷ ಒಂದು ತಡವಾದರೂ ಚಿಂತೆಯಿಲ್ಲ, ಪಾಸಾಗಿ ಹೊರಡಿ.

ಊರಲ್ಲಿ ಉಳಿಯುವ ಸಹೋದರಿಯರಿಗೂ ಇದರಿಂದ ತೆರೆಯುವ ಬಾಗಿಲುಗಳಿವೆ. ಅಂಗನವಾಡಿ ಸಹಾಯಕಿಯ ಕೆಲಸಕ್ಕೆ ಹತ್ತನೇ ತರಗತಿ ಕೇಳುತ್ತಾರೆ. 2022ರ ಸಮವಸ್ತ್ರ ವಿವಾದದ ದಿನಗಳಲ್ಲಿ ತರಗತಿ ಬಿಟ್ಟು ಮನೆಯಲ್ಲುಳಿದ ಹೆಣ್ಣುಮಕ್ಕಳ ಪೋಷಕರೂ ಈ ದಾರಿಯನ್ನು ಗಮನಿಸಬೇಕು. ಹನ್ನೆರಡನೇ ತರಗತಿಯ ಪರೀಕ್ಷೆಯನ್ನೂ ಮುಕ್ತ ಶಾಲೆ ನಡೆಸುತ್ತದೆ.

ಒದ್ದೆ ಧಾನ್ಯ

‘ಮೂರು ತಿಂಗಳಲ್ಲಿ ಹತ್ತು, ಆರು ತಿಂಗಳಲ್ಲಿ ಪಿಯುಸಿ, ಪಾಸ್ ಗ್ಯಾರಂಟಿ’ ಎಂಬ ಫಲಕಗಳನ್ನು ನೀವು ನೋಡಿರಬಹುದು. ಮುಕ್ತ ಶಾಲೆಯ ನಿಯಮದಂತೆ ಹತ್ತನೇ ತರಗತಿಯ ಪ್ರಮಾಣಪತ್ರಕ್ಕೂ ಹನ್ನೆರಡನೆಯದಕ್ಕೂ ನಡುವೆ ಎರಡು ವರ್ಷಗಳ ಅಂತರವಿರಬೇಕು. ಇದೊಂದನ್ನು ತಿಳಿದಿದ್ದರೆ ಆ ಫಲಕದ ಸುಳ್ಳು ಬಯಲಾಗುತ್ತದೆ. ಕೆಲವರು ಕೇಳಿರದ ಹೆಸರಿನ ‘ಬೋರ್ಡ್’ ಒಂದರ ಅಂಕಪಟ್ಟಿ ತಂದುಕೊಡುತ್ತಾರೆ. ಹಣ ಹೋಗುತ್ತದೆ. ವರ್ಷಗಳ ಬಳಿಕ ಪರಿಶೀಲನೆಯಾದಾಗ ಕೆಲಸವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಇನ್ನು ಕೆಲವರು ‘ನೀವು ಬರುವುದೇ ಬೇಡ, ನಿಮ್ಮ ಬದಲು ಬೇರೆಯವರು ಬರೆಯುತ್ತಾರೆ’ ಎನ್ನುತ್ತಾರೆ.

ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ) ಕೈ ಹಾಕಿದಾಗ ಬೆರಳು ಒದ್ದೆಯಾಯಿತು. ಮೇಲೆ ಒಣಗಿದ ಕಾಳು, ಒಳಗೆ ಮಳೆಗೆ ನೆನೆದ ಕಾಳು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಕೇಳಿ, ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಓದದೆ ಪಡೆದ ಅಂಕಪಟ್ಟಿ ಆ ಒಣ ಕಾಳಿನಂತೆಯೇ. ನಕಲು ಚೀಟಿಯನ್ನು ಸಣ್ಣ ವಿಷಯವೆಂದು ಭಾವಿಸುವ ತಂದೆ ತಾಯಿಯರೂ ನಮ್ಮಲ್ಲಿದ್ದಾರೆ. ‘ಎಲ್ಲರೂ ಮಾಡುತ್ತಾರೆ’ ಎನ್ನುತ್ತಾರೆ. ಅದೇ ಮನೆಯಲ್ಲಿ ಹಲಾಲ್ ಮಾಂಸಕ್ಕಾಗಿ ನಾಲ್ಕು ಮೈಲಿ ನಡೆಯುತ್ತಾರೆ. ಸುಳ್ಳು ಪ್ರಮಾಣಪತ್ರದಿಂದ ಸಿಕ್ಕಿದ ಕೆಲಸದ ಸಂಬಳದಲ್ಲಿ ತಂದ ಮಾಂಸದ ಬಗ್ಗೆ ಮಾತ್ರ ಯಾರೂ ಫತ್ವಾ ಕೇಳುವುದಿಲ್ಲ. ಐದು ವರ್ಷ, ಒಂಬತ್ತು ಅವಕಾಶ ಇರುವಾಗ ಕಳ್ಳದಾರಿಯ ಅಗತ್ಯವಾದರೂ ಏನು?

ಪರೀಕ್ಷೆಯ ದಿನ

ಪ್ರವೇಶಪತ್ರದ ಎರಡು ಪ್ರತಿ ಮತ್ತು ಗುರುತಿನ ಚೀಟಿಯನ್ನು ಹಿಂದಿನ ರಾತ್ರಿಯೇ ಚೀಲದಲ್ಲಿಡಿ. ಕೇಂದ್ರ ಪರ ಊರಿನಲ್ಲಿದ್ದರೆ ಒಂದು ದಿನ ಮೊದಲೇ ಹೋಗಿ ಜಾಗ ನೋಡಿ ಬನ್ನಿ. ನಿಖಾಬ್ ಧರಿಸುವ ಸಹೋದರಿಯರು ಅರ್ಧ ಗಂಟೆ ಮುಂಚಿತವಾಗಿ ತಲುಪಿ, ಮುಖ ಪರಿಶೀಲನೆಯನ್ನು ಮಹಿಳಾ ಸಿಬ್ಬಂದಿಯಿಂದ ಮಾಡಿಸುವಂತೆ ವಿನಯದಿಂದ ಕೇಳಿಕೊಳ್ಳಿ. ಬಾಗಿಲಲ್ಲಿ ಗಡಿಬಿಡಿಯಲ್ಲಿ ವಾದಿಸುವ ಪ್ರಸಂಗ ಬರಬಾರದು. ಮಧ್ಯಾಹ್ನದ ಪರೀಕ್ಷೆಯಾದರೆ ಝುಹ್ರ್ ಮತ್ತು ಅಸರ್ ನಮಾಝನ್ನು ಎಲ್ಲಿ, ಯಾವಾಗ ನಿರ್ವಹಿಸುವುದೆಂದು ಮೊದಲೇ ನಿಶ್ಚಯಿಸಿಕೊಳ್ಳಿ. ಹಾಲೂಡುವ ಮಗುವಿದ್ದರೆ ಅದನ್ನು ನೋಡಿಕೊಳ್ಳಲು ಮನೆಯವರೊಬ್ಬರು ಜೊತೆಗೆ ಬರಲಿ.

ಫಲಿತಾಂಶ ಬಂದೊಡನೆ ಕೆಲಸ ಮುಗಿಯಲಿಲ್ಲ. ಅಂಕಪಟ್ಟಿಯಲ್ಲಿ ಹೆಸರು, ತಂದೆ ತಾಯಿಯ ಹೆಸರು, ದಿನಾಂಕ ಸರಿಯಿದೆಯೇ ಎಂದು ಆಗಲೇ ನೋಡಿ, ತಪ್ಪಿದ್ದರೆ ತಡಮಾಡದೆ ಅರ್ಜಿ ಕೊಡಿ. ಕಾಲೇಜಿಗೆ ಸೇರುವವರು ಅಂಕಪಟ್ಟಿಯೊಂದಿಗೆ ಮೈಗ್ರೇಷನ್ ಪ್ರಮಾಣಪತ್ರವನ್ನೂ ಕೇಳಿ ಪಡೆಯಬೇಕು. ಅದಿಲ್ಲದೆ ಬೇರೆ ಮಂಡಳಿಯಿಂದ ಬಂದವರನ್ನು ಸೇರಿಸಿಕೊಳ್ಳಲು ಕಾಲೇಜುಗಳು ತಕರಾರು ಮಾಡುತ್ತವೆ. ಪಿಯುಸಿ ತರಗತಿಗಳು ಜೂನ್ ಹೊತ್ತಿಗೆ ಆರಂಭವಾಗುವುದರಿಂದ, ಅಲ್ಲಿ ಸೇರುವ ಇರಾದೆಯಿದ್ದರೆ ಹಿಂದಿನ ಅಕ್ಟೋಬರ್ ಪರೀಕ್ಷೆಯಲ್ಲೇ ಕೊನೆಯ ವಿಷಯವನ್ನು ಮುಗಿಸುವಂತೆ ಲೆಕ್ಕ ಹಾಕಿಕೊಳ್ಳಿ. ಏಪ್ರಿಲ್‌ನಲ್ಲಿ ಬರೆದರೆ ಫಲಿತಾಂಶ ಕೈಗೆ ಬರುವಷ್ಟರಲ್ಲಿ ಸೀಟುಗಳು ತುಂಬಿರುವ ಸಂಭವವಿದೆ.